ಕದ್ದು ಕೇಳೋ ನೋಡ್‌ಗಳು: ತೆರೆದ ಬಾಗಿಲು, ಬ್ಯಾನ್ ಪಟ್ಟಿ, ಟಾರ್

ನಮ್ಮೂರಲ್ಲಿ ಸ್ಟ್ಯಾಟಿಕ್ ಐಪಿ (ಬದಲಾಗದ ಇಂಟರ್‌ನೆಟ್ ವಿಳಾಸ) ಬೇಕು ಅಂದರೆ ಇಂಟರ್‌ನೆಟ್ ಹುಡುಗ ಕೇಳೋದು ಒಂದೇ ಪ್ರಶ್ನೆ: "ಸಿಸಿ ಕ್ಯಾಮೆರಾಗಾ ಸರ್?" ಹೂಂ ಅಂದೆ. ಬಿಟ್‌ಕಾಯಿನ್ ನೋಡ್, ಅಂದರೆ ಬಿಟ್‌ಕಾಯಿನ್ ವಹಿವಾಟುಗಳನ್ನ ಪರಿಶೀಲಿಸಿ ಬೇರೆ ಕಂಪ್ಯೂಟರ್‌ಗಳಿಗೆ ಸಾರೋ ಕಂಪ್ಯೂಟರ್, ಅಂತ ವಿವರಿಸೋಕೆ ಹೋಗಿದ್ದರೆ ಅವನದೂ ಅರ್ಧ ದಿನ ಹಾಳು, ನನ್ನದೂ ಹಾಳು.

ದಾವಣಗೆರೆ ವಿದ್ಯಾನಗರದ ಮನೆಯಲ್ಲಿ ಹಳೆ ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ ಹಾಕಿ ಬಿಟ್‌ಕಾಯಿನ್ ಕೋರ್ ಅನ್ನೋ ನೋಡ್ ಸಾಫ್ಟ್‌ವೇರ್ ಓಡಿಸ್ತಿದ್ದೀನಿ. ಕರೆಂಟ್ ಹೋದರೆ ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ನಡೆಯುತ್ತೆ, ರೂಟರ್ ಸಾಯುತ್ತೆ. ಅದಕ್ಕೊಂದು ಪುಟ್ಟ ಯುಪಿಎಸ್ ತಂದ ಮೇಲೆ ನೆಮ್ಮದಿ.

ಮೊದಲು ಎಲ್ಲ ತೆರೆದಿಟ್ಟೆ. ರೂಟರಲ್ಲಿ ಪೋರ್ಟ್ 8333 ಅನ್ನೋ ಬಾಗಿಲು ತೆಗೆದ ಮೇಲೆ ಹೊರಗಿನ ನೋಡ್‌ಗಳವರು ಬಂದು ಸೇರತೊಡಗಿದರು. ಬಿಟ್‌ಕಾಯಿನ್ ಕೋರ್ ತಾನಾಗಿ ಒಟ್ಟು 125 ಸಂಪರ್ಕ ಇಟ್ಟುಕೊಳ್ಳುತ್ತೆ. ನಾವಾಗಿ ಹುಡುಕಿಕೊಂಡು ಹೋಗೋದು 11, ಉಳಿದ 114 ಜಾಗ ಬರೋರಿಗೆ. ಖುಷಿಯಿಂದ ಪಟ್ಟಿ ನೋಡ್ತಾ ಕೂತರೆ ಒಂದು ರಾತ್ರಿ ಒಂದೇ ಸಾಲಿನ ಒಂಬತ್ತು ಐಪಿ ಕಂಡವು. ಕೊನೆಯ ಅಂಕಿ ಮಾತ್ರ ಬೇರೆ, ಒಬ್ಬೊಬ್ಬನದು ಒಂದೊಂದು ಸಾಫ್ಟ್‌ವೇರ್ ಹೆಸರು. ನಾನು ಹೇಳಿದ್ದೆಲ್ಲ ಕೇಳ್ತಾರೆ, ತಾವಾಗಿ ಒಂದು ವಹಿವಾಟೂ ಸಾರಲ್ಲ.

ಊರಲ್ಲಿ ಒಂದು ಸುದ್ದಿ ಮೊದಲು ಯಾರ ಬಾಯಿಂದ ಹೊರಟಿತು ಅಂತ ತಿಳೀಬೇಕಾದರೆ ಪ್ರತಿ ಮಂಡಕ್ಕಿ ಅಂಗಡಿ ಮುಂದೆ ಒಬ್ಬೊಬ್ಬನನ್ನ ಕೂರಿಸಿದರೆ ಸಾಕು. ಮಿರ್ಚಿ ತಿಂತಾ ಕೂತಿರ್ತಾನೆ, ಬಾಯಿ ಬಿಡಲ್ಲ. ಯಾವ ಅಂಗಡಿಯಲ್ಲಿ ಎಷ್ಟು ಹೊತ್ತಿಗೆ ಕೇಳಿತು ಅಂತ ಆಮೇಲೆ ತಾಳೆ ನೋಡಿದರಾಯಿತು. ಇಲ್ಲೂ ಅಷ್ಟೇ, ವಹಿವಾಟನ್ನು ಮೊದಲು ಸಾರಿದ ಐಪಿ ಸಿಕ್ಕರೆ ಮನೆ ಸಿಕ್ಕ ಹಾಗೆ. 2018ರಿಂದ ಬಿಟ್‌ಕಾಯಿನ್, ಗುಟ್ಟಿಗೆ ಹೆಸರಾದ ಇನ್ನೊಂದು ಕಾಯಿನ್ ಮೊನೆರೋ ಎರಡರಲ್ಲೂ ಹೀಗೆ ಕಿವಿಯಾನಿಸಿ ಕೂತ ಒಂದು ಗುಂಪನ್ನು 2023ರಲ್ಲಿ ಒಬ್ಬ ಸಂಶೋಧಕ ಬಯಲಿಗೆಳೆದು 'ಲಿಂಕಿಂಗ್‌ಲಯನ್' ಅಂತ ಹೆಸರಿಟ್ಟ. ಅದರ ಹಿಂದೆ ಯಾರಿದ್ದಾರೆ ಅನ್ನೋದನ್ನ ಅವನೂ ಹೇಳಲಿಲ್ಲ.

ಬಿಟ್‌ಕಾಯಿನ್ ಕೋರ್ ಪೂರ್ತಿ ಮುಗ್ಧ ಅಲ್ಲ. ವಹಿವಾಟನ್ನು ತಕ್ಷಣ ಸಾರಲ್ಲ, ಲೆಕ್ಕಕ್ಕೆ ಸಿಗದ ಹಾಗೆ ಸ್ವಲ್ಪ ತಡ ಮಾಡುತ್ತೆ: ನಾವು ಹುಡುಕಿ ಹೋದವರಿಗೆ ಸರಾಸರಿ 2 ಸೆಕೆಂಡ್, ತಾವಾಗಿ ಬಂದವರಿಗೆ 5. 2024ರ 27ನೇ ಆವೃತ್ತಿಯಿಂದ, ಎದುರಿನ ನೋಡಿಗೂ ಅದು ಬರೋದಾದರೆ, ಸಂಪರ್ಕವೂ ತಾನಾಗಿ ಗೂಢಲಿಪಿಯಲ್ಲೇ ನಡೆಯುತ್ತೆ. ಆದರೆ ಅದು ದಾರಿಯಲ್ಲಿ ಇಣುಕೋರಿಗೆ ಅಡ್ಡ. ನಾನು ಮಾತಾಡ್ತಿರೋದೇ ಗೂಢಚಾರನ ಜೊತೆ ಆದರೆ ಅದರಿಂದೇನು ಬಂತು?

ಎರಡನೇ ದಾರಿ ಬ್ಯಾನ್. ಒಂಬತ್ತೂ ಐಪಿ ಹೊರಹಾಕಿ ಬೆಣ್ಣೆ ದೋಸೆ ತಿನ್ನೋಕೆ ಹೋದೆ. ಮಾರನೇ ದಿನ ಸಂಜೆ ನೋಡಿದರೆ ಎಲ್ಲ ವಾಪಸ್. ತಪ್ಪು ನನ್ನದೇ, ಅವಧಿ ಹೇಳದಿದ್ದರೆ ಬ್ಯಾನ್ 24 ಗಂಟೆಗೇ ಮುಗಿಯುತ್ತೆ. ಈ ಸಲ ಒಂದೊಂದೇ ಐಪಿ ಹಿಡಿಯದೆ ಆ ಸಾಲಿನ 256 ವಿಳಾಸಕ್ಕೂ ಒಟ್ಟಿಗೆ ವರ್ಷಗಟ್ಟಲೆ ಬೀಗ ಹಾಕಿದೆ. ಎರಡು ವಾರ ಶಾಂತಿ. ಆಮೇಲೆ ಬೇರೆ ಸಾಲಿಂದ ಅದೇ ಥರದ ಮೂಕರು.

ಚಿತ್ರದುರ್ಗದಲ್ಲಿ ನೋಡ್ ಇಟ್ಟಿರೋ ಗೆಳೆಯನಿಗೆ ಫೋನಲ್ಲಿ ಗೋಳು ಹೇಳಿಕೊಂಡರೆ, "ಓಬವ್ವಗೆ ಇದ್ದದ್ದು ಒಂದೇ ಕಿಂಡಿ ಕಣಲೇ. ನಿನ್ ಹತ್ರ 114 ಅದಾವೆ. ಎಷ್ಟಕ್ಕೆ ಒನಕೆ ಹಿಡ್ಕೊಂಡು ನಿಲ್ತೀಯ?" ಅಂದ.

ಮೊನೆರೋದವರಿಗೆ ಮಾತ್ರ ಬ್ಯಾನ್ ಪಟ್ಟಿ ಬೇಕೇ ಬೇಕು ಅಂತೀನಿ. ಅಲ್ಲಿ 2020ರಿಂದ ಡ್ಯಾಂಡಲಿಯನ್ ಪ್ಲಸ್ ಪ್ಲಸ್ ಇದೆ: ವಹಿವಾಟು ಮೊದಲು ಒಬ್ಬರ ಕಿವಿಯಿಂದ ಇನ್ನೊಬ್ಬರ ಕಿವಿಗೆ ಸಾಗಿ, ಆಮೇಲೆ ಊರಿಗೆಲ್ಲ ಡಂಗುರ. ಮೊದಲ ಕಿವಿಯೇ ಗೂಢಚಾರನದಾದರೆ ಕಥೆ ಕೆಟ್ಟಿತು.

ಮೂರನೇದು ಟಾರ್, ನಮ್ಮ ಐಪಿ ಮರೆಮಾಚೋ ಜಾಲ. ಬಿಟ್‌ಕಾಯಿನ್ ಕೋರನ್ನು ಟಾರ್ ಒಳಗಿನ ಆನಿಯನ್ ವಿಳಾಸಗಳಿಗಷ್ಟೇ ಕಟ್ಟಿಹಾಕಿದೆ. ಬ್ಲಾಕ್ (ವಹಿವಾಟುಗಳ ಕಟ್ಟು) ಬರೋದು ನಿಧಾನ, ಸಂಪರ್ಕ ಆಗಾಗ ಕಡಿಯುತ್ತೆ, ಮೊದಲಿಂದ ಪೂರ್ತಿ ಚೈನ್ (ಈವರೆಗಿನ ಎಲ್ಲ ಬ್ಲಾಕ್‌ಗಳ ಸರಪಳಿ) ಇಳಿಸೋಕೆ ಇದನ್ನ ಬಳಸಬೇಡಿ. ನಾನು ಇಳಿಸಿದ ಮೇಲೆ ಬದಲಾಯಿಸಿದ್ದಕ್ಕೆ ಬಚಾವಾದೆ. ಇಲ್ಲೂ ಮೂಕರು ಬರ್ತಾರೆ, ಯಾಕಂದರೆ ಆನಿಯನ್ ವಿಳಾಸ ಪುಕ್ಕಟೆ, ಒಬ್ಬನೇ ಸಾವಿರ ಮಾಡಿಕೊಳ್ಳಬಹುದು. ಆದರೆ ಕೇಳಿಸಿಕೊಂಡರೂ ಅವರಿಗೆ ನನ್ನ ಐಪಿ ಸಿಗಲ್ಲ. ನಿಜವಾದ ಅಪಾಯ ಬೇರೆ: ಸುತ್ತ ಇರೋರೆಲ್ಲ ಒಬ್ಬನ ಕಡೆಯವರೇ ಆಗಿ ಸುಳ್ಳು ಚೈನ್ ತೋರಿಸೋದು. ಅದಕ್ಕೆ ದುರ್ಗದ ಗೆಳೆಯನ ಆನಿಯನ್ ವಿಳಾಸ ನನ್ನಲ್ಲಿ, ನನ್ನದು ಅವನಲ್ಲಿ ಕಾಯಂ ಸೇರಿಸಿಕೊಂಡಿದ್ದೀವಿ.

ಇಷ್ಟೆಲ್ಲ ಯಾಕೆ, ಮೊಬೈಲ್ ವ್ಯಾಲೆಟ್ ಇಲ್ವಾ ಅನ್ನೋರಿಗೆ: ಇನ್ನೊಬ್ಬರ ಸರ್ವರಿಗೆ ನಿಮ್ಮ ವಿಳಾಸಗಳನ್ನೆಲ್ಲ ಕೊಟ್ಟು ಬ್ಯಾಲೆನ್ಸ್ ಕೇಳೋ ವ್ಯಾಲೆಟ್ ಆದರೆ ಗೂಢಚಾರ ಕಷ್ಟಪಡೋದೇ ಬೇಡ. ಕಳ್ಳ ಲೆಕ್ಕವಾ ಅಂತ ಕೇಳೋರಿಗೆ: ಲಾಭದ ಮೇಲೆ 30% ತೆರಿಗೆ ಕಟ್ಟಿದ್ದೀನಿ, ಮಾರಿದಾಗ 1% ಟಿಡಿಎಸ್ ಹಿಡಿದಿದ್ದಾರೆ. ಸರ್ಕಾರಕ್ಕೆ ಗೊತ್ತು. ಯಾವ ಮನೆಯಲ್ಲಿ ಕಾಯಿನ್ ಇದೆ ಅಂತ ದಾರಿಹೋಕನಿಗೂ ಗೊತ್ತಾಗಬೇಕಾ?

ಕೊನೆಗೆ ಟಾರನ್ನೇ ಉಳಿಸಿಕೊಂಡೆ. ಆನಿಯನ್ ವಿಳಾಸಕ್ಕೆ ಹೊರಗಿನವರು ಬಂದು ಸೇರೋಕೆ ಪೋರ್ಟೂ ತೆಗೀಬೇಕಿಲ್ಲ, ಸ್ಟ್ಯಾಟಿಕ್ ಐಪಿಯೂ ಬೇಡ. ಅದನ್ನ ತೆಗೆದುಹಾಕಪ್ಪ ಅಂತ ಹುಡುಗನಿಗೆ ಫೋನ್ ಮಾಡಿದೆ.

"ಯಾಕ್ ಸರ್, ಕ್ಯಾಮೆರಾ ಬಿಚ್ಚಿಸಿದ್ರಾ?"

ಇದಕ್ಕೂ ಹೂಂ ಅಂದೆ.