ಕಾರವಾರ–ಶಿರಸಿ ಕಡೆ ಸಿಗುವ ದಪ್ಪ ಫೋಮ್: ಕೆತ್ತನೆಗೆ ಯಾವುದು ಆದೀತು?

ಅಂಗಡಿಗೆ ಹೋಗಿ ನಾಲ್ಕಿಂಚಿನ ಥರ್ಮೋಕೋಲ್ ಕೇಳಿದರೆ ನಾಲ್ಕಿಂಚಿನದೇ ಸಿಗುತ್ತದೆ. ಮನೆಗೆ ತಂದು ಚೂರಿ ಇಟ್ಟಾಗ ಮಾತ್ರ ಕಾಳು ಕಾಳಾಗಿ ಉದುರುತ್ತದೆ. ಕೇಳಬೇಕಾದ್ದು ದಪ್ಪವನ್ನಲ್ಲ, ಡೆನ್ಸಿಟಿಯನ್ನು, ಅಂದರೆ ಒಂದು ಘನ ಮೀಟರಿಗೆ ಎಷ್ಟು ಕಿಲೋ ತೂಕ ಎಂಬುದನ್ನು. ಅದು ಅಂಗಡಿಯವರಿಗೇ ಗೊತ್ತಿರುವುದಿಲ್ಲ, ಹಾಗಾಗಿ ತೂಗಿ ನೋಡುವುದೇ ದಾರಿ. ಒಂದು ಮೀಟರ್ ಉದ್ದ, ಅರ್ಧ ಮೀಟರ್ ಅಗಲ, 100 ಮಿ.ಮೀ. ದಪ್ಪದ ಹಲಗೆ 500 ಗ್ರಾಂ ತೂಗಿದರೆ ಡೆನ್ಸಿಟಿ 10, ಮುಕ್ಕಾಲು ಕಿಲೋ ಆದರೆ 15, ಒಂದು ಕಿಲೋ ಆದರೆ 20. ಹದಿನೈದಕ್ಕಿಂತ ಕಡಿಮೆಯದ್ದು ಪ್ಯಾಕಿಂಗಿಗಷ್ಟೇ ಸೈ. ಮೂಗು, ಕಣ್ಣು, ಬೆರಳು ತೆಗೆಯಬೇಕಿದ್ದರೆ 20ರಿಂದ 24 ಇರಲೇಬೇಕು.

ತೂಕ ಸರಿಯಿದ್ದರೂ ಒಂದು ಮೂಲೆ ಮುರಿದು ನೋಡಿ. ಮುರಿದ ಜಾಗದಲ್ಲಿ ಕಾಳು ಕತ್ತರಿಸಿಕೊಂಡು ಹೋಗಿದ್ದರೆ ಮಾಲು ಚೆನ್ನಾಗಿ ಬೆಸೆದಿದೆ. ನೆನೆಸಿದ ಸಬ್ಬಕ್ಕಿಯಂತೆ ಇಡೀ ಕಾಳುಗಳೇ ಎದ್ದು ಕಂಡರೆ ಬಿಟ್ಟು ಬನ್ನಿ. ಬೂದು ಬಣ್ಣದ ಚೂರುಗಳು ನಡುನಡುವೆ ಇದ್ದರೆ ಹಳೆ ಮಾಲು ಪುಡಿ ಮಾಡಿ ಬೆರೆಸಿದ್ದು. ಕರೆಂಟಿನಲ್ಲಿ ಕಾಯಿಸಿದ ತಂತಿಯಲ್ಲಿ ಕೊಯ್ಯಬಹುದು, ಉಜ್ಜಿ ನಯ ಮಾಡಲಾಗದು.

ಬೈತಕೋಲ ಬಂದರಿನ ಮೀನಿನ ಪೆಟ್ಟಿಗೆಗಳ ಮೇಲೆ ಎಲ್ಲರ ಕಣ್ಣು. ಒಡೆದ ಪೆಟ್ಟಿಗೆ ಬೇಕಾದಷ್ಟು ಸಿಗುತ್ತದೆ, ಅಚ್ಚಿನಲ್ಲಿ ಹೊಯ್ದದ್ದರಿಂದ ಮೇಲ್ಮೈಯೂ ಗಟ್ಟಿ. ಆದರೆ ಗೋಡೆ ಒಂದಿಂಚಿನ ಆಸುಪಾಸು. ಆರಿಂಚು ಬೇಕಿದ್ದರೆ ಆರು ಪದರ ಅಂಟಿಸಬೇಕು. ಜಿಡ್ಡು ಹೋಗದಿದ್ದರೆ ಗೋಂದು ಹಿಡಿಯುವುದಿಲ್ಲ, ವಾಸನೆಯಂತೂ ಸೋಪಿಗೂ ಬಗ್ಗುವುದಿಲ್ಲ. ಕೈ ಪಳಗಿಸಿಕೊಳ್ಳಲು ಸರಿ, ಕೆಲಸಕ್ಕೆ ಬೇಡ.

ದೊಡ್ಡ ತಲೆ, ಆನೆ, ಗರುಡದಂಥ ಕೆಲಸಕ್ಕೆ ಹಲಗೆ ಸೀಳುವ ಮೊದಲಿನ ಇಡೀ ಬ್ಲಾಕನ್ನೇ ಹುಬ್ಬಳ್ಳಿಯಿಂದಲೋ ಗೋವಾದಿಂದಲೋ ತರಿಸುವುದು ಲೇಸು. ಸಾಗಾಣಿಕೆಯವರು ತೂಕ ನೋಡುವುದಿಲ್ಲ, ಗಾಡಿಯಲ್ಲಿ ಎಷ್ಟು ಜಾಗ ತಿನ್ನುತ್ತದೆ ಎಂದು ನೋಡುತ್ತಾರೆ. ಬಾಡಿಗೆ ಮಾತಾಡುವಾಗ ಅಳತೆ ಹೇಳಿಬಿಡಿ. ಬ್ಲಾಕಿನ ಅಂಚು ಗಟ್ಟಿ, ನಡು ಸ್ವಲ್ಪ ಮೆತ್ತಗೆ. ಮುಖ ಬರುವ ಬದಿಯನ್ನು ಅಂಚಿಗೆ ಇಟ್ಟುಕೊಳ್ಳಬೇಕು.

ನಮ್ಮ ಮಾರ್ಕು ಮಾತ್ರ ಎಕ್ಸ್‌ಪಿಎಸ್‌ಗೆ, ಅಂದರೆ ತಾರಸಿಗೆ ಬಿಸಿಲು ತಡೆಯಲು ಹಾಸುವ ಬಣ್ಣದ ಹಲಗೆಗೆ. ಅದರಲ್ಲಿ ಕಾಳೇ ಇಲ್ಲ. ಡೆನ್ಸಿಟಿ 30ರ ಮೇಲೆ, ದಪ್ಪ 25ರಿಂದ 100 ಮಿ.ಮೀ. ಬೆಂಡಿನ ಬಾಸಿಂಗ ಕೊಯ್ಯುವವರಂತೆ ತೆಳು ಅಲಗನ್ನು ಒತ್ತದೆ ಎಳೆದರೆ ಸಿಪ್ಪೆ ಸುರುಳಿಯಾಗಿ ಏಳುತ್ತದೆ. ಹೊಸ ಮನೆ ಕಟ್ಟಿಸುವ ಕಂಟ್ರಾಕ್ಟರರ ಬಳಿ ಉಳಿಕೆ ತುಂಡು ಕೇಳಿ. ಅಂಟಿಸುವ ಮೊದಲು ನುಣುಪಾದ ಮೇಲ್ಪದರವನ್ನು ಮರಳುಕಾಗದದಲ್ಲಿ ಉಜ್ಜದಿದ್ದರೆ ಪದರ ಬಿಟ್ಟುಕೊಳ್ಳುತ್ತದೆ.

ಸೋಫಾ ಹೊಲಿಯುವವರ ಬಳಿಯ ಮೆತ್ತನೆ ಫೋಮ್ ಗೊಂಬೆಯ ತಲೆಗೆ ಬಲು ಚೆಂದ, ಕತ್ತರಿಯಲ್ಲೇ ಕೆತ್ತಬಹುದು. ಟಿವಿ ಡಬ್ಬಿಯ ಬಾಗುವ ಬಿಳಿ ಇಪಿಇ ಹರಿಯುತ್ತದೆ, ಕೆತ್ತನೆಗೆ ಬಾರದು. ಶೀತಲ ಪೆಟ್ಟಿಗೆಗಳ ಹಳದಿ ಗಟ್ಟಿ ಪಿಯು (ಪಾಲಿಯುರೆಥೇನ್) ಫೋಮನ್ನು ಗರಗಸ, ಅರದಿಂದ ಮಾತ್ರ ಕೆತ್ತಬೇಕು. ಬಿಸಿ ತಂತಿ ತಾಗಿಸಿದರೆ ವಿಷದ ಹೊಗೆ.

ಕೊಯ್ಯುವ ಬಿಸಿ ತಂತಿಯ ಲೆಕ್ಕ: 0.4 ಮಿ.ಮೀ. ನೈಕ್ರೋಮ್ (ಹೀಟರಿಗೆ ಹಾಕುವ ತಂತಿ), 60 ಸೆಂ.ಮೀ. ಉದ್ದ, 12 ವೋಲ್ಟ್. ಸುಮಾರು 2.3 ಆಂಪಿಯರ್ ಎಳೆಯುತ್ತದೆ, 5 ಆಂಪಿಯರಿನ ಅಡಾಪ್ಟರ್ ಧಾರಾಳ. ಅದೇ ಅಡಾಪ್ಟರಿಗೆ ಅರ್ಧ ಉದ್ದದ ತಂತಿ ಕಟ್ಟಿದರೆ ಕರೆಂಟು ಇಮ್ಮಡಿಯಾಗಿ ತಂತಿ ಕೆಂಪಗೆ ಕಾಯುತ್ತದೆ, ಕೊಯ್ತ ಅಗಲವಾಗಿ ಹೊಂಡ ಬೀಳುತ್ತದೆ. ಹದ ಸರಿಯಿದ್ದರೆ ತಂತಿಯ ಹಿಂದೆ ಜೇಡರ ಬಲೆಯಂಥ ಎಳೆ ಬರುತ್ತದೆ, ಹೊಗೆ ಏಳುವುದಿಲ್ಲ. ಕಾದ ತಂತಿ ಉದ್ದವಾಗಿ ಜೋಲುತ್ತದೆ. ಒಂದು ತುದಿಗೆ ಸ್ಪ್ರಿಂಗ್ ಬೇಕು. ಕಿಟಕಿ ತೆರೆದಿರಲಿ.

ಹೆಚ್ಚಿನವರು ಸೋಲುವುದು ಗೋಂದಿನಲ್ಲಿ. ಚಪ್ಪಲಿ ಹೊಲಿಯುವವರು ಬಳಸುವ ಹಳದಿ ರಬ್ಬರ್ ಗಮ್, ಫೆವಿಕ್ವಿಕ್, ಸ್ಪ್ರೇ ಪೇಂಟ್ ಮೂರೂ ಥರ್ಮೋಕೋಲನ್ನು ಕರಗಿಸುತ್ತವೆ. ಬಿಳಿ ಫೆವಿಕಾಲ್ ಕರಗಿಸುವುದಿಲ್ಲ, ಆದರೆ ಅದು ಒಣಗಲು ನೀರು ಹೊರಹೋಗಬೇಕು. ಎರಡು ದಪ್ಪ ಹಲಗೆಗಳ ನಡುವೆ, ಅದರಲ್ಲೂ ನಮ್ಮ ಆಷಾಢದಲ್ಲಿ, ವಾರ ಕಳೆದರೂ ಒಳಗೆ ಹಸಿಯಾಗಿಯೇ ಇರುತ್ತದೆ. ಪಿಯು ಫೋಮಿನ ಸ್ಪ್ರೇ ಡಬ್ಬಿ ಇದಕ್ಕೆ ಮದ್ದು: ಅದು ಗಟ್ಟಿಯಾಗುವುದೇ ತೇವಾಂಶದಿಂದ. ತೆಳ್ಳಗೆ ಹಚ್ಚಿ, ಮೇಲೆ ಭಾರ ಹೇರಿ. ಇಲ್ಲದಿದ್ದರೆ ಉಬ್ಬಿ ಹಲಗೆಯನ್ನೇ ಎತ್ತುತ್ತದೆ. ಯಾವ ಗೋಂದಾದರೂ ತಂತಿ ಹಾಯುವ ಗೆರೆಯಿಂದ ಎರಡಿಂಚು ದೂರವಿರಲಿ. ಇಲ್ಲದಿದ್ದರೆ ತಂತಿ ಅಲ್ಲೇ ಸಿಕ್ಕಿಬಿದ್ದು ದಿಬ್ಬ ಉಳಿಯುತ್ತದೆ.

ದೋಣಿಗೆ ಫೈಬರ್ ಹಾಕುವವರಲ್ಲಿ ಸುಲಭಕ್ಕೆ ಸಿಗುವ ಪಾಲಿಯೆಸ್ಟರ್ ರೆಸಿನ್ ನೇರ ಬಳಿದರೆ ಥರ್ಮೋಕೋಲೂ ಹೋಯಿತು, ಎಕ್ಸ್‌ಪಿಎಸ್ಸೂ ಹೋಯಿತು. ರೆಸಿನ್ನಿನಲ್ಲಿರುವ ಸ್ಟೈರಿನ್ ಎರಡನ್ನೂ ಕರಗಿಸುತ್ತದೆ. ಎಪಾಕ್ಸಿ ಆಗುತ್ತದೆ. ಪಿಯು ಫೋಮಿನ ಮೇಲೆ ಪಾಲಿಯೆಸ್ಟರೂ ನಡೆಯುತ್ತದೆ.

ಗಣಪತಿ ಮಂಟಪದವರಿಗೊಂದು ಮಾತು. ಅಲಂಕಾರಕ್ಕೆ ಥರ್ಮೋಕೋಲ್ ಬಳಸುವುದು ದೇಶದಾದ್ಯಂತ 2022ರ ಜುಲೈ 1ರಿಂದ ನಿಷಿದ್ಧ, ಅಂಗಡಿಯಲ್ಲಿ ಸಿಕ್ಕರೂ ಅಷ್ಟೇ. ಇಲ್ಲಿ ಹೇಳಿದ್ದೆಲ್ಲ ಒಳತಿರುಳಿಗೆ, ಅಚ್ಚಿಗೆ, ವರ್ಷಗಟ್ಟಲೆ ಉಳಿಯುವ ಶಿಲ್ಪಕ್ಕೆ.

ಮೇಲುಹೊದಿಕೆಗೆ ಅಗ್ಗದ್ದು ಬ್ಯಾಂಡೇಜ್ ಬಟ್ಟೆ, ಬಿಳಿ ಸಿಮೆಂಟು, ಫೆವಿಕಾಲ್ ಕಲಸಿದ ಲೇಪ, ಎರಡು ಮೂರು ಪದರ. ಮೈದಾ ಅಂಟಿನಲ್ಲಿ ಕಾಗದ ಹಚ್ಚುವುದಾದರೆ ಮಳೆಗಾಲದಲ್ಲಿ ಬೂಸ್ಟು ಖಂಡಿತ. ಅಡಿಕೆ ತೋಟದ ಮನೆಯಲ್ಲಿ ಹೇಗೂ ಇರುವ ಮೈಲುತುತ್ತವನ್ನು ಕಿಲೋ ಅಂಟಿಗೆ ಒಂದು ಚಿಟಿಕೆಯಷ್ಟು ಬಿಸಿನೀರಲ್ಲಿ ಕರಗಿಸಿ ಹಾಕಿದರೆ ತಡೆಯುತ್ತದೆ. ಅದು ವಿಷ, ಮುಖಕ್ಕೆ ಕಟ್ಟುವ ಮುಖವಾಡದ ಒಳಮೈಗೆ ತಾಗಿಸಬೇಡಿ.