ಗಾಡಿ ಚಾಲೂ ಮಾಡೂ ಸೆಲ್ಫ್ ತಿರುಗವಲ್ದು ಅಂದ್ರ ಹೊಸಾ ಮೋಟಾರ್ ತರಸೂಕಿಂತ ಮೊದ್ಲ ಈ ಚಾಚಾನ ಕಡೆ ಹೋಗ್ರಿ

ಬೋರ್ಡ್ ಇಲ್ಲದ ಅಂಗಡಿಗೆ ರಿವ್ಯೂ ಹ್ಯಾಂಗ್ ಬರೀಬೇಕ್ರಿ? ಆದ್ರೂ ಬರೀತೀನಿ, ಯಾಕಂದ್ರ ಎರಡು ತಿಂಗಳು ನಾ ಪಟ್ಟ ಪಜೀತಿ ಇನ್ನೊಬ್ರು ಪಡಬಾರ್ದು. ವಿಜಯಪುರದಾಗ ಸೋಲಾಪುರ ರೋಡಿನ ಕಡೆ ಲಾರಿ, ಟ್ರ್ಯಾಕ್ಟರ್ ವೈರಿಂಗ್ ಮಾಡೂ ಒಂದು ತಗಡಿನ ಶೆಡ್, ಅಷ್ಟ. ಎಲ್ಲಾರೂ ಚಾಚಾ ಅಂತಾರ, ನಾನೂ ಹಂಗ ಅಂತೀನಿ.

ಗಾಡಿ 1974ರ ಅಂಬಾಸಿಡರ್ ಮಾರ್ಕ್ ಟು, ಅಪ್ಪಾರ ಕಾಲದ್ದು, 1489 ಸಿಸಿ ಪೆಟ್ರೋಲ್. 50 ವರ್ಷ ದಾಟಿದ ಗಾಡಿ ವಿಂಟೇಜ್ ಅಂತ 2021ರಾಗ ರೂಲ್ಸ್ ಬಂತಲ್ರಿ, ಆ ಲೆಕ್ಕದಾಗ ನಮ್ಮದೂ ಈಗ ವಿಂಟೇಜ್, ಆದ್ರ ಆ ರಿಜಿಸ್ಟ್ರೇಷನ್ನಿಗೆ 20,000 ಫೀ ಅಂದ ಮ್ಯಾಲ ನಾ ಸುಮ್ನ ಕುಂತೀನಿ, ಅದು ಬ್ಯಾರೆ ಮಾತು. ಹ್ವಾದ ವರ್ಷ ಟಿಂಕರಿಂಗ್ ಪೇಂಟಿಂಗ್ ಮಾಡಿಸಿದೆ, ಮದಲಗಿತ್ತಿ ಹಂಗ ಹೊಳೀತಿತ್ತು. ಮುಂದ ಒಂದಿನ ಮುಂಜಾನೆ ಸೆಲ್ಫ್ ಹೊಡದ್ರ ಟಕ್ ಅಂತು, ಮುಗೀತು. ಮತ್ತ ಹೊಡದೆ, ಮತ್ತ ಟಕ್. ಗೋಲಗುಮ್ಮಟದಾಗ ನಿಂತು ಹೊಡದಿದ್ರ ಏಳು ಸಲರೆ ಕೇಳತಿತ್ತೇನೋ, ಇಲ್ಲಿ ಒಂದ ಸಲ.

ಹಳೇ ಅಂಬಾಸಿಡರ್ ಇದ್ದವರಿಗೆ ಒಂದು ಸುಖ ಐತಿ, ಹ್ಯಾಂಡಲ್. ಮುಂದಿನ ತೂತಿನ್ಯಾಗ ಹಾಕಿ ಅರ್ಧ ಸುತ್ತು ಎಳದ್ರ ಗಾಡಿ ಚಾಲೂ, ಅಂದ್ರ ಎಂಜಿನ್ ಛಲೋ, ಕರೆಂಟ್ ಛಲೋ, ಪೆಟ್ರೋಲ್ ಛಲೋ, ತಿರುಗಸೂದಷ್ಟ ತಿರುಗಸವಲ್ದು. (ಹ್ಯಾಂಡಲ್ ಹೊಡಿಯೂ ಹುಡುಗ್ರಿಗೆ ಒಂದು ಮಾತು, ಹೆಬ್ಬಟ್ಟು ಹ್ಯಾಂಡಲ್ ಸುತ್ತ ಹಿಡೀಬ್ಯಾಡ್ರಿ, ನಾಕು ಬೆರಳಿನ ಬಾಜೂಕ ಇಡ್ರಿ, ಎಂಜಿನ್ ಉಲ್ಟಾ ಒದ್ರ ಹೆಬ್ಬಟ್ಟು ಮುರಿತೈತಿ.) ಆದ್ರ ಮದುವಿ ಮನಿ ಮುಂದ ಇಸ್ತ್ರಿ ಅಂಗಿ ಹಾಕ್ಕೊಂಡು ಹ್ಯಾಂಡಲ್ ಹೊಡಿಯೂದು ಎಷ್ಟು ದಿನ ಆಗ್ತೈತ್ರಿ.

ಮೊದ್ಲ ಒಂದು ಬ್ಯಾಟರಿ ಅಂಗಡಿಗೆ ಹ್ವಾದೆ, ಹೆಸರು ಬ್ಯಾಡ, ಬ್ಯಾಟರಿ ಡೌನ್ ಐತ್ರಿ ಅಂದ್ರು, ಮೀಟರ್ ಸೈತ ಹಚ್ಚಲಿಲ್ಲ, 5,800 ಕೊಟ್ಟು ಹೊಸಾದು ಹಾಕಿಸಿದೆ, ಮನಿಗೆ ಬಂದು ಹೊಡದೆ, ಟಕ್. ಆಮ್ಯಾಲ ಒಂದು ಗ್ಯಾರೇಜ್, ಅವರು ಸ್ಪ್ಯಾನರ್ ತಗೊಂಡು ಸೆಲ್ಫ್ ಮೋಟಾರ್ ಮ್ಯಾಲ ನಾಕು ಏಟು ಬಡದು, ಆರ್ಮೇಚರ್ (ಮೋಟಾರಿನ ಒಳಗ ತಿರುಗೂ ಭಾಗ) ಸುಟ್ಟೈತ್ರಿ ಸರ, ಮುಂಬೈಯಿಂದ ತರಸಬೇಕು, 9,000 ಆಗ್ತೈತಿ ಅಂದ್ರು. ಬಿಚ್ಚಲಾರದ ಒಳಗ ಸುಟ್ಟದ್ದು ಹ್ಯಾಂಗ್ ಕಾಣಿಸ್ತು ಅಂತ ಕೇಳೂ ಧೈರ್ಯ ನನಗ ಬರಲಿಲ್ಲ, ನೋಡಿ ಹೇಳ್ತೀನಿ ಅಂತ ಹೊಂಟು ಬಂದೆ.

ಚಾಚಾನ ಕಡೆ ಕರಕೊಂಡು ಹ್ವಾದಾಂವ ನಮ್ಮ ಟ್ರ್ಯಾಕ್ಟರ್ ಡ್ರೈವರ್. ಚಾಚಾ ಮೊದ್ಲ ಬಾನೆಟ್ ಎತ್ತಲೇ ಇಲ್ಲ. ಸಾಹೇಬ್ರ, ಹೆಡ್‌ಲೈಟ್ ಹಾಕಿ ಸೆಲ್ಫ್ ಹೊಡೀರಿ ಅಂದ, ತಾ ಮುಂದ ಗ್ವಾಡಿ ನೋಡಕೋತ ನಿಂತ. ಟಕ್ ಅಂತು, ಲೈಟ್ ಭಾಳೇನ ಕಮ್ಮಿ ಆಗಲಿಲ್ಲ. ಬ್ಯಾಟರಿ ಸತ್ತಿದ್ರ, ಇಲ್ಲಾ ಮೋಟಾರ್ ಜಾಮ್ ಆಗಿದ್ರ, ಲೈಟ್ ಆರಿಧಂಗ ಆಗ್ತಿತ್ತು, ಇಲ್ಲಿ ಕರೆಂಟ್ ಮೋಟಾರಿನ ತನಕ ಸರಿಯಾಗಿ ಹೊಂಟೇ ಇಲ್ಲ ಅಂದ. ಆಮ್ಯಾಲ ಕೇಳಿದ ಪ್ರಶ್ನೆ ನಾ ಜನ್ಮದಾಗ ಮರಿಯಂಗಿಲ್ಲ: ಸೆಲ್ಫ್ ಹೊಡದ ಮ್ಯಾಲ ಚೋಕ್ ವಾಯರ್ ಬಿಸಿ ಆಗ್ತೈತೇನು? ಚೋಕ್ ವಾಯರ್ ಅಂದ್ರ ಥಂಡಿ ಎಂಜಿನ್ ಚಾಲೂ ಮಾಡೂ ಮುಂದ ಒಳಗಿನಿಂದ ಎಳಿಯೂ ತಂತಿ, ಚೋಕಿಗೂ ಸೆಲ್ಫಿಗೂ ಏನ್ರಿ ಸಂಬಂಧ! ಮತ್ತ ಮೂರು ಸಲ ಹೊಡದು ಚೋಕ್ ವಾಯರ್ ಮುಟ್ಟಿದೆ, ಕೈ ಸುಡತು.

ಅದರ ಲೆಕ್ಕ ಹಿಂಗೈತಿ. ಬ್ಯಾಟರಿ ಮೈನಸ್ ಬಾಡಿಗೆ ಹಚ್ಚಿರ್ತಾರ. ಎಂಜಿನ್ ಕುಂತಿರೂದು ರಬ್ಬರ್ ಮೌಂಟಿಂಗ್ ಮ್ಯಾಲ, ರಬ್ಬರಿನ್ಯಾಗ ಕರೆಂಟ್ ಹಾಯಂಗಿಲ್ಲ, ಅದಕ್ಕ ಎಂಜಿನ್ನಿನಿಂದ ಬಾಡಿಗೆ ಒಂದು ತಾಮ್ರದ ಹೆಣಿಗಿ ಪಟ್ಟಿ ಇರ್ತೈತಿ, ಅರ್ಥಿಂಗ್ ಪಟ್ಟಿ. ಸೆಲ್ಫ್ ತಿನ್ನೂ ಕರೆಂಟ್ ನೂರಾರು ಆಂಪಿಯರ್, ಅದು ತಿರುಗಿ ಬ್ಯಾಟರಿಗೆ ಬರೂ ದಾರಿ ಇದ. ಈ ದಾರಿ ಕಡದ್ರ ಕರೆಂಟ್ ಸುಮ್ನ ಕುಂದರಂಗಿಲ್ಲ, ಎಂಜಿನ್ನಿನಿಂದ ಬಾಡಿಗೆ ಹೋಗೂ ಚೋಕ್ ವಾಯರಿನ್ಯಾಗ ನುಗ್ಗತೈತಿ, ಆ ಸಣ್ಣ ವಾಯರ್ ಕಾಯತೈತಿ, ಮೋಟಾರಿಗೆ ಜೀವ ಸಾಲಂಗಿಲ್ಲ. ಟಕ್ ಅನ್ನೂ ಸೆಲ್ಫ್ ಸ್ವಿಚ್ ನಮ್ಮ ಗಾಡಿಯೊಳಗ ಬಾಡಿಗೇ ಕೂಡಿಸಿದ್ದು, ಅದರ ಅರ್ಥಿಂಗ್ ಬ್ಯಾರೆ, ಅದಕ್ಕ ಅದು ಪಾಪ ತನ್ನ ಕೆಲಸ ಮಾಡಿ ಟಕ್ ಅಂತಿತ್ತು.

ಮೀಟರ್ ಹಚ್ಚಿ ತೋರಿಸ್ದ ಸೈತ. ಸುಮ್ನ ಇದ್ದಾಗ ಬ್ಯಾಟರಿ 12.6 ವೋಲ್ಟ್. ಒಂದು ಕಡ್ಡಿ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ಎಂಜಿನ್ ಬ್ಲಾಕಿಗೆ ಇಟ್ಟು ಸೆಲ್ಫ್ ಹೊಡಸಿದ, ಅರ್ಧ ವೋಲ್ಟಿನ ಒಳಗ ಇರಬೇಕಾದ್ದು 9 ದಾಟಿತ್ತು. ಆಮ್ಯಾಲ ಜಂಪರ್ ವಾಯರ್ ಬ್ಯಾಟರಿ ಮೈನಸ್ಸಿನಿಂದ ಸೀದಾ ಬ್ಲಾಕಿಗೆ ಹಿಡದ, ಹೊಡೀರಿ ಅಂದ. ಗರ್ ಅಂತ ತಿರುಗಿ ಚಾಲೂ ಆತ್ರಿ! ಎರಡು ತಿಂಗಳ ಆದ ಮ್ಯಾಲ ಆ ಸೌಂಡ್ ಕೇಳಿದ್ದು, ಶೆಡ್ಡಿನ್ಯಾಗ ಕುಂತಿದ್ದ ಲಾರಿ ಡ್ರೈವರ್‌ಗೋಳು ಚಪ್ಪಾಳಿ ಹೊಡದ್ರು.

ಗಾಡಿ ಕೆಳಗ ಹೋಗಿ ನೋಡಿದ್ರ ಪಟ್ಟಿ ಹಸರ ಬಣ್ಣಕ್ಕ ತಿರುಗಿ ನಾಕೈದು ಎಳಿ ಉಳದಿದ್ವು, ಮ್ಯಾಲ ನನ್ನ ಪೇಂಟಿಂಗಿನ ಪ್ರತಾಪ, ಬೋಲ್ಟ್ ಕೂಡೂ ಜಾಗಾಕ್ಕೂ ಪೇಂಟ್ ಬಡದಿದ್ರು. ಚಾಚಾ ಅಲ್ಲೆ ಕಬ್ಬಿಣ ಹೊಳಿಯೂ ತನಕ ಕೆರದು, ಹೊಸಾ ಪಟ್ಟಿ, ಹಲ್ಲಿನ ವಾಷರ್ ಹಾಕಿ, ಬಿಗದ ಮ್ಯಾಲ ವ್ಯಾಸಲೀನ್ ಸವರಿದ. ಸೆಲ್ಫ್ ಮೋಟಾರ್ ಸೈತ ಬಿಚ್ಚಿ, ಒಳಗ ಕರೆಂಟ್ ಮುಟ್ಟಸೂ ಕಾರ್ಬನ್ ತುಂಡು ನೋಡಿದ, ಛಲೋ ಅದಾವು ಅಂತ ಬದಲಿ ಮಾಡಲಿಲ್ಲ. ಬೆಂಡಿಕ್ಸ್ (ಎಂಜಿನ್ ತಿರುಗಸೂ ಮೋಟಾರಿನ ಹಲ್ಲಿನ ಗಾಲಿ) ಅಷ್ಟ ಪೆಟ್ರೋಲಿನ್ಯಾಗ ತೊಳದು ಒಣಾ ಹಾಕಿದ, ಗ್ರೀಸ್ ಹಚ್ಚಲ್ಲೇನು ಅಂದ್ರ ನಕ್ಕ, ಗ್ರೀಸ್ ಹಚ್ಚಿದ್ರ ಧೂಳ ಹಿಡದು ಹಲ್ಲು ಸಿಕ್ಕೊಂತಾವ ಅಂದ. ಒಟ್ಟು 550 ರೂಪಾಯಿ, ಪಟ್ಟಿ 250, ಮಜೂರಿ 300.

ದೂರು ಇಲ್ಲಂತಿಲ್ಲ. ಒಂದ ತಾಸಿನ ಕೆಲಸಕ್ಕ ಗಾಡಿ ಎರಡು ದಿನ ಶೆಡ್ಡಿನ್ಯಾಗ ನಿಂತಿತ್ತು, ನಡುವ ಕಬ್ಬಿನ ಟ್ರ್ಯಾಕ್ಟರ್ ಬಂದ್ರ ನಿಮ್ಮ ಗಾಡಿ ಹಿಂದ ಬೀಳ್ತೈತಿ, ಅವರದು ಹೊಟ್ಟಿಪಾಡು ನಿಮ್ಮದು ಶೋಕಿ ಅಂತ ಮುಖದ ಮ್ಯಾಲ ಹೇಳ್ತಾನ. ಫೋನ್ ಎತ್ತಂಗಿಲ್ಲ, ಬಿಲ್ ಕೊಡಂಗಿಲ್ಲ, ಕುಂದರಾಕ ಒಂದು ಹಳೇ ಟಾಯರ್, ಮೇ ತಿಂಗಳ ಬಿಸಿಲಾಗ ಆ ತಗಡಿನ ಕೆಳಗ ರೊಟ್ಟಿ ಸುಡಬಹುದು. ನನ್ನ ಸೀಟಿನ ಮ್ಯಾಲ ಆಯಿಲ್ ಕೈ ಇಟ್ಟಾನ, ಆ ಕಲೆ ಇನ್ನೂ ಹ್ವಾಗಿಲ್ಲ. ಅದಕ್ಕ ಐದಕ್ಕ ನಾಕು ಸ್ಟಾರ್.

ಹ್ವಾಗೂ ಮುಂದ ರೊಕ್ಕ ಕೈಯಾಗ ಇಟ್ಕೊಂಡು ಹೋಗ್ರಿ, ಸ್ಕ್ಯಾನ್ ಮಾಡೂ ಕೋಡ್ ಬಾಜೂ ಚಹಾ ಅಂಗಡಿಯವರದು, ಅವರು ಇದ್ರ ಉಂಟು. ಶುಕ್ರವಾರ ಮಧ್ಯಾಹ್ನ ಬಂದ್ ಇರ್ತೈತಿ.