ಹಳೇ ಜಿಟಿಐ, ಹೊಸ ಜಿಟಿಐ, ನಡುವಿನ ಜಿಟಿಐ

ಸೆಕೆಂಡ್ ಹ್ಯಾಂಡ್ ಹಾಟ್ ಹ್ಯಾಚ್ (ಮಾಮೂಲಿ ಸಣ್ಣ ಕಾರಿಗೆ ಜೋರು ಎಂಜಿನ್ ಹಾಕಿದ್ದು) ತಗೋಬೇಕು ಅಂತ ಹೊರಟವರಿಗೆ ಸಿಗುವ ಸಲಹೆ ಒಂದೇ: "ದುಡ್ಡು ಎಟುಕಿದಷ್ಟು ಹೊಸ ಮಾಡೆಲ್ ತಗೋ." ಆಫೀಸಿಗೆ ಹೋಗಿ ಬರುವ ಮಾಮೂಲಿ ಕಾರಿಗೆ ಈ ಮಾತು ಸರಿ. ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಥರದ ಕಾರಿಗೆ ಅರ್ಧ ಮಾತ್ರ ಸರಿ. ಐದನೇ, ಆರನೇ, ಏಳನೇ ತಲೆಮಾರಿನ ಜಿಟಿಐ ಮೂರನ್ನೂ ಓಡಿಸಿ, ಬಾನೆಟ್ ಎತ್ತಿ, ಲಿಫ್ಟ್ ಮೇಲೇರಿಸಿ ನೋಡಿದ ಮೇಲೆ ನಾನು ಹೇಳುವುದು ಇದು: ಮೊದಲು ನೀವು ಯಾವ ವೇಗದಲ್ಲಿ ಓಡಿಸುವವರು ಅಂತ ಕೇಳಿಕೊಳ್ಳಿ. ಮಾಡೆಲ್ ಆಮೇಲೆ ತಾನಾಗಿ ಗೊತ್ತಾಗುತ್ತದೆ.

ನಾನು ಹೊರಟಾಗ ತಲೆಯಲ್ಲಿ ಇದ್ದದ್ದು ಎರಡೇ, ಐದು ಮತ್ತು ಏಳು. ಐದನೆಯದು ಯಾಕೆ ಅಂದರೆ ಜಿಟಿಐ ಅನ್ನೋ ಹೆಸರಿಗೆ ಮತ್ತೆ ಬೆಲೆ ತಂದದ್ದು ಅದು. 1976ರಲ್ಲಿ ಮಾರಾಟಕ್ಕೆ ಬಂದ ಮೊದಲ ಜಿಟಿಐ 110 ಪಿಎಸ್ (ಹೆಚ್ಚುಕಮ್ಮಿ ಹಾರ್ಸ್‌ಪವರ್) ಶಕ್ತಿಯ, ಹಗುರವಾದ, ಚುರುಕಾದ ಪುಟ್ಟ ಕಾರು. ನಾಲ್ಕನೇ ತಲೆಮಾರಿಗೆ ಬರುವಷ್ಟರಲ್ಲಿ ಆ ಹೆಸರು ಬರೀ ಬ್ಯಾಡ್ಜ್ ಆಗಿತ್ತು. 2004ರಲ್ಲಿ ಐದನೆಯದು 2 ಲೀಟರ್ ಟರ್ಬೊ ಎಂಜಿನ್, 200 ಪಿಎಸ್, 280 ಎನ್‌ಎಂ ಟಾರ್ಕ್ (ಚಕ್ರ ತಿರುಗಿಸುವ ಬಲ) ಇಟ್ಟುಕೊಂಡು ಬಂತು. ಹಿಂದಿನ ಚಕ್ರಗಳಿಗೆ ಎರಡನ್ನೂ ಒಟ್ಟಿಗೆ ಕಟ್ಟುವ ಟಾರ್ಷನ್ ಬೀಮ್ ಬದಲು ಒಂದೊಂದೂ ಬೇರೆಯಾಗಿ ಆಡುವ ಮಲ್ಟಿ ಲಿಂಕ್ ಸಸ್ಪೆನ್ಷನ್ ಸಿಕ್ಕಿತು. ಕಾರು ತಿರುವಿನಲ್ಲಿ ಮಾತು ಕೇಳಲು ಶುರು ಮಾಡಿದ್ದು ಇಲ್ಲಿಂದ.

ಏಳನೆಯದು 2013ರದ್ದು. 220 ಪಿಎಸ್, 350 ಎನ್‌ಎಂ. ಪರ್ಫಾರ್ಮೆನ್ಸ್ ಪ್ಯಾಕ್ ಇದ್ದರೆ 230 ಪಿಎಸ್, ದೊಡ್ಡ ಬ್ರೇಕ್, ಜೊತೆಗೆ ಮುಂದಿನ ಚಕ್ರಗಳ ನಡುವೆ ನಿಜವಾದ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್, ಅಂದರೆ ಜಾರುವ ಚಕ್ರದ ಬಲವನ್ನು ಹಿಡಿತ ಇರುವ ಚಕ್ರಕ್ಕೆ ಕಳಿಸುವ ಭಾಗ. ಶೂನ್ಯದಿಂದ ನೂರಕ್ಕೆ ಐದನೆಯದಕ್ಕೆ ಮ್ಯಾನ್ಯುಯಲ್ ಗೇರಿನಲ್ಲಿ 7.2 ಸೆಕೆಂಡು, ಏಳನೆಯದಕ್ಕೆ 6.5. ಕಾಗದದ ಮೇಲೆ ಸ್ಪರ್ಧೆಯೇ ಇಲ್ಲ.

ಓಡಿಸಿದಾಗ ಲೆಕ್ಕ ಬೇರೆ. 280 ಮತ್ತು 350 ಎನ್‌ಎಂ ನಡುವಿನ ವ್ಯತ್ಯಾಸ ಬರೀ ಪಿಕಪ್‌ನದ್ದಲ್ಲ, ಸ್ವಭಾವದ್ದು. ಏಳನೆಯದರಲ್ಲಿ ಪೂರ್ತಿ ಟಾರ್ಕ್ 1500 ಆರ್‌ಪಿಎಂನಲ್ಲೇ ಸಿಗುತ್ತದೆ. ಮೂರನೇ ಗೇರಿನಲ್ಲಿ ಇಟ್ಟು ಕಾಲು ಒತ್ತಿದರೆ ಸಾಕು, ಕಾರು ಏನೂ ಆಗದವರ ಹಾಗೆ ಮುಂದೆ ನುಗ್ಗುತ್ತದೆ. ಗೇರ್ ಇಳಿಸುವ ಅಗತ್ಯವೇ ಬರುವುದಿಲ್ಲ. ಓವರ್‌ಟೇಕ್ ಮಾಡುವಾಗ ಇದು ವರ. ಆದರೆ ತಿರುವುಗಳಿರುವ ಏರು ರಸ್ತೆಯಲ್ಲಿ, ಗಂಟೆಗೆ 60 ಕಿಲೋಮೀಟರ್ ಆಸುಪಾಸಿನಲ್ಲಿ, ನನಗೆ ಮಾಡಲು ಕೆಲಸವೇ ಉಳಿಯಲಿಲ್ಲ. ಕಾರೇ ಎಲ್ಲ ಮಾಡಿಬಿಡುತ್ತದೆ. ಸ್ಟೀರಿಂಗ್ ಕೂಡ ಹಾಗೆ. ಪ್ರೋಗ್ರೆಸಿವ್ ಸ್ಟೀರಿಂಗ್ ಅಂತಾರೆ. ಈ ತುದಿಯಿಂದ ಆ ತುದಿಗೆ ಬರೀ 2.1 ಸುತ್ತು, ಬೇರೆ ಗಾಲ್ಫ್‌ಗಳಲ್ಲಿ 2.75. ಹೇರ್‌ಪಿನ್ ತಿರುವಿನಲ್ಲೂ ಕೈ ಬದಲಿಸಬೇಕಿಲ್ಲ. ಚುರುಕು ನಿಜ. ಟೈರು ಏನು ಮಾಡುತ್ತಿದೆ ಅನ್ನೋ ಸುದ್ದಿ ಮಾತ್ರ ಕೈಗೆ ಕಡಿಮೆ ಬರುತ್ತದೆ.

ಅದೇ ರಸ್ತೆಯಲ್ಲಿ ಐದನೆಯದು ನನ್ನನ್ನು ಕೆಲಸಕ್ಕೆ ಹಚ್ಚಿತು. ತಿರುವಿಗೆ ಮುಂಚೆ ಬ್ರೇಕ್, ಮೂರರಿಂದ ಎರಡಕ್ಕೆ ಗೇರ್, ಟರ್ಬೊ ಎದ್ದೇಳಲು ಅರೆ ಕ್ಷಣ, ಆಮೇಲೆ ಒಂದು ತಳ್ಳು. ಒಳಗಿನ ಚಕ್ರ ಸ್ವಲ್ಪ ಜಾರುತ್ತದೆ, ಸ್ಟೀರಿಂಗ್ ಕೈಯಲ್ಲಿ ಲಘುವಾಗಿ ಎಳೆಯುತ್ತದೆ. ತಾಂತ್ರಿಕವಾಗಿ ಇದು ದೋಷವೇ. ಆದರೆ ನಿಧಾನ ವೇಗದಲ್ಲೂ ಏನೋ ನಡೀತಿದೆ ಅನ್ನಿಸುತ್ತದೆ, ಅಲ್ವಾ? "ಹಳೆಯದರಲ್ಲಿ ಹೈಡ್ರಾಲಿಕ್ ಸ್ಟೀರಿಂಗ್, ಅದಕ್ಕೇ ಚೆನ್ನಾಗಿದೆ" ಅಂತ ಹೇಳುವವರಿದ್ದಾರೆ. ಅದು ತಪ್ಪು. ಐದನೆಯದರಲ್ಲೂ ಇರುವುದು ವಿದ್ಯುತ್ ಸ್ಟೀರಿಂಗೇ.

ಶಬ್ದದ ವಿಷಯಕ್ಕೆ ಬಂದರೆ ಏಳನೆಯದರಲ್ಲಿ ಒಂದು ತಮಾಷೆ ಇದೆ. ಮುಂದಿನ ಗಾಜಿನ ಬುಡದಲ್ಲಿ ಸೌಂಡಾಕ್ಟರ್ ಅನ್ನೋ ಸಣ್ಣ ಸಾಧನ ಕೂರಿಸಿದ್ದಾರೆ. ಎಂಜಿನ್ ಗುಡುಗಿದ ಹಾಗೆ ಕಾರಿನೊಳಗೆ ಕೇಳಿಸುವುದೇ ಅದರ ಕೆಲಸ. ಇದು ಗೊತ್ತಿಲ್ಲದಿದ್ದಾಗ ಸದ್ದು ಚೆನ್ನಾಗಿತ್ತು. ಗೊತ್ತಾದ ಮೇಲೆ ಕಿರಿಕಿರಿ. ಅದರ ವೈರ್ ಕಿತ್ತು ಹಾಕಿಕೊಂಡು ಓಡಾಡುವವರೂ ಇದ್ದಾರೆ.

ಇಷ್ಟು ಓಡಿಸುವ ಸುಖದ ಮಾತು. ಹಳೇ ಕಾರು ಕೊಳ್ಳುವವನಿಗೆ ಅದಕ್ಕಿಂತ ಮುಖ್ಯ ಬಾನೆಟ್ ಕೆಳಗಿನ ಕಥೆ.

ಐದನೆಯದರ ಎಂಜಿನ್‌ನ ಹೆಸರು ಇಎ113. ಇದಕ್ಕೆ ಟೈಮಿಂಗ್ ಬೆಲ್ಟ್, ಅಂದರೆ ವಾಲ್ವ್‌ಗಳನ್ನು ಪಿಸ್ಟನ್ ಜೊತೆ ತಾಳ ತಪ್ಪದ ಹಾಗೆ ಓಡಿಸುವ ಪಟ್ಟಿ. ಬೆಲ್ಟ್ ಬದಲಾಯಿಸಿದ ಬಿಲ್ ಇಲ್ಲದಿದ್ದರೆ ಬದಲಾಯಿಸಿಲ್ಲ ಅಂತಲೇ ಲೆಕ್ಕ. ವಾಟರ್ ಪಂಪನ್ನು ಓಡಿಸುವುದೂ ಅದೇ ಬೆಲ್ಟ್, ಹಾಗಾಗಿ ಎರಡನ್ನೂ ಒಟ್ಟಿಗೆ ಹಾಕಿಸಬೇಕು. ಇದರ ನಿಜವಾದ ದೌರ್ಬಲ್ಯ ಇನ್ನೊಂದು ಕಡೆ ಇದೆ. ಹೆಚ್ಚಿನ ಒತ್ತಡದಲ್ಲಿ ಪೆಟ್ರೋಲ್ ಕಳಿಸುವ ಪಂಪನ್ನು ಕ್ಯಾಮ್‌ಶಾಫ್ಟ್ (ವಾಲ್ವ್ ತೆರೆಸುವ ತಿರುಗುವ ಸರಳು) ತಳ್ಳುತ್ತದೆ. ಎರಡರ ಮಧ್ಯೆ ಕ್ಯಾಮ್ ಫಾಲೋವರ್ ಅನ್ನೋ ಪುಟ್ಟ ಲೋಹದ ಬಟ್ಟಲು. ಕ್ಯಾಮ್ ಅದರ ತಲೆಯ ಮೇಲೆ ಉಜ್ಜುತ್ತಲೇ ಇರುತ್ತದೆ. ವರ್ಷಗಟ್ಟಲೆ ಉಜ್ಜಿ ತೂತಾದರೆ ಪಂಪೂ ಹೋಗುತ್ತದೆ, ಕ್ಯಾಮ್‌ಶಾಫ್ಟೂ ಹೋಗುತ್ತದೆ.

ಆದರೆ ಇದನ್ನು ಕಣ್ಣಾರೆ ನೋಡಬಹುದು ಅನ್ನೋದೇ ಈ ಎಂಜಿನ್‌ನ ಒಳ್ಳೇತನ. ನಾನು ನೋಡಿದ ಕಾರಿನಲ್ಲಿ ಮೆಕ್ಯಾನಿಕ್ ಪಂಪಿನ ಮೂರು ಬೋಲ್ಟ್ ಬಿಚ್ಚಿ, ಬಟ್ಟಲನ್ನು ಹೊರಗೆಳೆದು, ಬಟ್ಟೆಯಲ್ಲಿ ಆಯಿಲ್ ಒರೆಸಿ ನನ್ನ ಅಂಗೈ ಮೇಲಿಟ್ಟರು. ಬೆರಳಿನ ಗೆಣ್ಣಿನಷ್ಟು ದೊಡ್ಡದು. ತಲೆಯ ಮೇಲೆ ಕಪ್ಪು ಲೇಪ, ನಡುವೆ ಸ್ವಲ್ಪ ಹೊಳಪು, ಅಷ್ಟೇ. "ಕಪ್ಪಗಿದ್ರೆ ನಿಶ್ಚಿಂತೆ ಸಾರ್. ಬೆಳ್ಳಗೆ ಹೊಳೀತಿದ್ರೆ ಹೊಸದು ಹಾಕ್ಬಿಡಿ. ಗುಂಡಿ ಬಿದ್ದಿದ್ರೆ ಈ ಕಾರಿನ ಸಹವಾಸಾನೇ ಬೇಡ" ಅಂದರು. ಸಣ್ಣ ಭಾಗ, ಸುಲಭದ ಕೆಲಸ. ಮಾಲೀಕರು ಆಗಾಗ ಬಿಚ್ಚಿ ನೋಡಿದ್ದರೆ ಎಂಜಿನ್ ಗಟ್ಟಿ. ಮಾರುವವರಿಗೆ "ಕ್ಯಾಮ್ ಫಾಲೋವರ್ ಯಾವಾಗ ನೋಡಿಸಿದ್ರಿ?" ಅಂತ ಕೇಳಿ. ಅದು ಏನು ಅಂತ ಅವರೇ ನಿಮ್ಮನ್ನು ತಿರುಗಿ ಕೇಳಿದರೆ, ಕಾರು ಯಾರ ಕೈಯಲ್ಲಿತ್ತು ಅಂತ ಗೊತ್ತಾಯಿತು.

ಟರ್ಬೊದ ಹೆಚ್ಚುವರಿ ಒತ್ತಡ ಬಿಡುವ ಡೈವರ್ಟರ್ ವಾಲ್ವ್‌ನಲ್ಲಿರುವ ರಬ್ಬರ್ ಪೊರೆ ಹರಿದು ಪಿಕಪ್ ಬೀಳುವುದೂ ಐದನೆಯದರ ಹಳೇ ಚಾಳಿ. ಸುಧಾರಿಸಿದ ವಾಲ್ವ್ ಸಿಗುತ್ತದೆ, ತಲೆ ಕೆಡಿಸಿಕೊಳ್ಳಬೇಕಿಲ್ಲ.

ಏಳನೆಯದರ ಎಂಜಿನ್ ಇಎ888ರ ಮೂರನೇ ಆವೃತ್ತಿ. ಬೆಲ್ಟ್ ಹೋಗಿ ಚೈನ್. ಎಕ್ಸಾಸ್ಟ್ ಮ್ಯಾನಿಫೋಲ್ಡನ್ನು ಸಿಲಿಂಡರ್ ಹೆಡ್ ಒಳಗೇ ಸೇರಿಸಿದ್ದಾರೆ, ಹಾಗಾಗಿ ತಣ್ಣಗಿದ್ದ ಎಂಜಿನ್ ಬೇಗ ಹದಕ್ಕೆ ಬರುತ್ತದೆ. ಮೂರರಲ್ಲಿ ಅತಿ ಗಟ್ಟಿ ಎಂಜಿನ್ ಇದೇ, ಅದರಲ್ಲಿ ಎರಡು ಮಾತಿಲ್ಲ. ಇದರ ಕಾಯಿಲೆ ಪ್ಲಾಸ್ಟಿಕ್‌ನದ್ದು. ವಾಟರ್ ಪಂಪ್ ಮತ್ತು ಥರ್ಮೋಸ್ಟಾಟ್ ಎರಡನ್ನೂ ಒಂದೇ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿದ್ದಾರೆ, ಅದು ಕಾಲಾಂತರದಲ್ಲಿ ಸೋರುತ್ತದೆ. ಸೋರುವ ಜಾಗ ಇನ್‌ಟೇಕ್ ಮ್ಯಾನಿಫೋಲ್ಡ್ ಕೆಳಗೆ. ಮೇಲಿಂದ ಇಣುಕಿದರೆ ಏನೂ ಕಾಣದು. ಟಾರ್ಚ್ ಹಿಡಿದು ಹುಡುಕಿ, ಒಣಗಿದ ಕೂಲಂಟ್‌ನ ಗುಲಾಬಿ ಕಲೆ ಇದೆಯಾ ನೋಡಿ. ಕೂಲಂಟ್ ಟ್ಯಾಂಕ್‌ನಲ್ಲಿ ಮಟ್ಟ ಕಡಿಮೆ ಇದ್ದು "ಬೇಸಿಗೆ ಅಲ್ವಾ, ಆವಿಯಾಗಿರುತ್ತೆ" ಅಂತ ಮಾರುವವರು ಅಂದರೆ ನಂಬಬೇಡಿ. ಅದು ಮುಚ್ಚಿದ ವ್ಯವಸ್ಥೆ, ಆವಿಯಾಗಿ ಹೋಗಲು ದಾರಿಯಿಲ್ಲ.

ಮೂರಕ್ಕೂ ಸಾಮಾನ್ಯವಾದ ಇನ್ನೊಂದು ತೊಂದರೆ ಇದೆ. ಪೆಟ್ರೋಲ್ ನೇರವಾಗಿ ಸಿಲಿಂಡರ್ ಒಳಗೆ ಸಿಂಪಡಿಸುವುದರಿಂದ ಇನ್‌ಟೇಕ್ ವಾಲ್ವ್‌ಗಳನ್ನು ತೊಳೆಯಲು ಏನೂ ಇರುವುದಿಲ್ಲ, ಮಸಿ ಕಟ್ಟುತ್ತದೆ. ಐಡಲ್‌ನಲ್ಲಿ ನಡುಕ, ಎಳೆತ ಕಡಿಮೆ. ವಾಲ್‌ನಟ್ ಚಿಪ್ಪಿನ ಪುಡಿಯನ್ನು ಗಾಳಿಯ ಒತ್ತಡದಲ್ಲಿ ಹೊಡೆದು ತೆಗೆಸಬೇಕು. ಏಳನೆಯದರಲ್ಲಿ ಕೆಲವು ದೇಶಗಳ ಎಂಜಿನ್‌ಗೆ ವಾಲ್ವ್ ಹಿಂದೆ ಪೆಟ್ರೋಲ್ ಸಿಂಪಡಿಸುವ ಪೋರ್ಟ್ ಇಂಜೆಕ್ಷನ್ನೂ ಇದೆ, ಅವುಗಳಿಗೆ ಈ ಕಾಟ ಕಡಿಮೆ.

ಇನ್ನು ಆರನೆಯದು. 2009ರಲ್ಲಿ ಬಂತು. 210 ಪಿಎಸ್, ಟಾರ್ಕ್ ಅದೇ 280. "ಐದಕ್ಕೆ ಹೊಸ ಬಟ್ಟೆ ತೊಡಿಸಿದ್ದಾರೆ" ಅಂತ ಇದನ್ನು ಹಗುರವಾಗಿ ನೋಡುವವರೇ ಜಾಸ್ತಿ. ಬುಡದಲ್ಲಿ ಐದನೆಯದೇ ಇರುವುದು ನಿಜ. ನಾನೂ ಸುಮ್ನೆ ನೋಡೋಣ ಅಂತ ಓಡಿಸಿದ್ದು. ಇಳಿಯುವ ಹೊತ್ತಿಗೆ ಮನಸ್ಸು ಅಲ್ಲಾಡಿತ್ತು.

ಅದೇ 280 ಎನ್‌ಎಂ ಆದ್ದರಿಂದ ಗೇರ್ ಜೊತೆ ಕೆಲಸ ಮಾಡುವ ಸುಖ ಇಲ್ಲೂ ಉಳಿದಿದೆ. ಒಳಗಿನ ಚಕ್ರ ಜಾರಲು ಶುರುವಾದರೆ ಎಕ್ಸ್‌ಡಿಎಸ್ ಅನ್ನೋ ವ್ಯವಸ್ಥೆ ಆ ಚಕ್ರಕ್ಕೆ ಮಾತ್ರ ಮೆಲ್ಲಗೆ ಬ್ರೇಕ್ ಹಾಕುತ್ತದೆ, ಮೂತಿ ತಿರುವಿನೊಳಗೆ ಬರುತ್ತದೆ. ಅದು ಡಿಫರೆನ್ಷಿಯಲ್ ಅಲ್ಲ, ಬ್ರೇಕ್‌ನ ಜಾಣತನ. ರೇಸ್ ಟ್ರ್ಯಾಕಿನಲ್ಲಿ ಸತತ ಓಡಿಸಿದರೆ ಬ್ರೇಕ್ ಬಿಸಿಯಾಗುತ್ತದೆ. ರಸ್ತೆಗೆ ಧಾರಾಳವಾಗಿ ಸಾಕು. ಕಾರಿನೊಳಗೆ ಐದಕ್ಕಿಂತ ನಿಶ್ಶಬ್ದ, ಮುಟ್ಟಿದ ಕಡೆಯೆಲ್ಲ ಮೃದು. ಹ್ಯಾಂಡ್‌ಬ್ರೇಕ್ ಎಳೆಯುವ ಸಲಾಕೆ ಇನ್ನೂ ಇದೆ. ಏಳನೆಯದರಲ್ಲಿ ಅದು ಬಟನ್ ಆಗಿಹೋಯಿತು.

ಹಾಗಾದರೆ ಜನ ಯಾಕೆ ದೂರ ಸರಿಯುತ್ತಾರೆ? ಚೈನ್‌ನಿಂದ. ಇದರಲ್ಲಿರುವುದು ಇಎ888ರ ಹಳೇ ರೂಪ. ಶುರುವಿನ ಎಂಜಿನ್‌ಗಳ ಚೈನ್ ಟೆನ್ಷನರ್, ಅಂದರೆ ಚೈನನ್ನು ಬಿಗಿಯಾಗಿ ಹಿಡಿಯುವ ಭಾಗ, ದುರ್ಬಲ. ಅದು ಕೈಕೊಟ್ಟರೆ ಚೈನ್ ಹಲ್ಲು ಜಿಗಿಯುತ್ತದೆ, ವಾಲ್ವ್‌ಗಳು ಪಿಸ್ಟನ್‌ಗೆ ಬಡಿಯುತ್ತವೆ, ಎಂಜಿನ್ ಕಥೆ ಮುಗಿಯುತ್ತದೆ. ಆಮೇಲಿನ ವರ್ಷಗಳಲ್ಲಿ ಟೆನ್ಷನರ್ ಸುಧಾರಿಸಿದರು. ಹಾಗಾಗಿ ಆರನೆಯದರಲ್ಲಿ ಕೊನೆಯ ಕಾಲದ ಕಾರು, ಇಲ್ಲವೇ ಹೊಸ ಟೆನ್ಷನರ್ ಹಾಕಿಸಿದ ಬಿಲ್ ಇರುವ ಕಾರು, ಇವೆರಡೇ ನೋಡಬೇಕಾದ್ದು. ಬಾಯಿಮಾತು ನಂಬಬೇಕಿಲ್ಲ. ಚೈನ್ ಕವರ್‌ನ ಕೆಳಭಾಗದಲ್ಲಿ ರಬ್ಬರ್ ಮುಚ್ಚಳ ಇರುತ್ತದೆ. ಅದನ್ನು ತೆಗೆದು ಟಾರ್ಚ್ ಬಿಟ್ಟರೆ ಟೆನ್ಷನರ್ ಹಳೆಯದೋ ಹೊಸದೋ ಅಂತ ತಿಳಿದವರು ಹೇಳುತ್ತಾರೆ. ಸ್ಕ್ಯಾನರ್ ಹಾಕಿದರೆ ಕ್ಯಾಮ್‌ಶಾಫ್ಟ್ ತನ್ನ ಜಾಗದಿಂದ ಎಷ್ಟು ಡಿಗ್ರಿ ಸರಿದಿದೆ ಅಂತಲೂ ಕಾಣುತ್ತದೆ. ಚೈನ್ ಹಿಗ್ಗಿದ್ದರೆ ಅಲ್ಲಿ ಸುಳ್ಳು ನಡೆಯದು.

ಎಲ್ಲಕ್ಕಿಂತ ಸುಲಭದ ಪರೀಕ್ಷೆ ಕಿವಿಯದ್ದು. ರಾತ್ರಿಯೆಲ್ಲ ನಿಂತು ತಣ್ಣಗಾದ ಎಂಜಿನ್ ಸ್ಟಾರ್ಟ್ ಮಾಡಿಸಿ. ಮೊದಲ ಎರಡು ಮೂರು ಸೆಕೆಂಡು ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದ ಹಾಗೆ ಕೇಳಿಸಿದರೆ ವಾಪಸ್ ಬನ್ನಿ. ಒಬ್ಬ ಮಾರಾಟಗಾರ ನಾನು ಹೋಗುವ ಹೊತ್ತಿಗೆ ಕಾರನ್ನು ಆಗಲೇ ಓಡಿಸಿ ಬಿಸಿ ಮಾಡಿ ಇಟ್ಟಿದ್ದ. "ನಿಮಗೆ ಕಾಯೋದು ಬೇಡ ಅಂತ" ಅಂದ. ಬಾನೆಟ್ ಮೇಲೆ ಕೈಯಿಟ್ಟು ನೋಡಿ ಅಲ್ಲಿಂದಲೇ ಹೊರಟೆ.

ಗೇರ್‌ಬಾಕ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಈ ಮೂರರಲ್ಲೂ ಆರು ಗೇರಿನ ಮ್ಯಾನ್ಯುಯಲ್ ಇದೆ, ಆರು ಗೇರಿನ ಡಿಎಸ್‌ಜಿ (ಎರಡು ಕ್ಲಚ್‌ನ ಆಟೊಮ್ಯಾಟಿಕ್) ಇದೆ. ಡಿಎಸ್‌ಜಿ ಹೆಸರು ಕೇಳಿ ಹೆದರುವವರು ಗಮನಿಸಿ: ಇದು ಆಯಿಲ್‌ನಲ್ಲಿ ಮುಳುಗಿದ ಕ್ಲಚ್‌ನದ್ದು, ಸಣ್ಣ ಎಂಜಿನ್‌ಗಳಿಗೆ ಹಾಕಿದ ಒಣ ಕ್ಲಚ್‌ನ ಏಳು ಗೇರಿನದ್ದಲ್ಲ. ಪ್ರತಿ 60,000 ಕಿಲೋಮೀಟರಿಗೆ ಆಯಿಲ್, ಫಿಲ್ಟರ್ ಬದಲಾಯಿಸಿದ ದಾಖಲೆ ಕೇಳಿ. ದಾಖಲೆ ಇಲ್ಲ ಅಂದರೆ ಮ್ಯಾನ್ಯುಯಲ್ ಕಾರು ಹುಡುಕಿ.

ಎಂಟನೆಯದನ್ನೂ ಯಾಕೆ ಸೇರಿಸಲಿಲ್ಲ ಅಂತ ಕೇಳಬಹುದು. 2020ರಲ್ಲಿ ಬಂದ ಅದು 245 ಪಿಎಸ್‌ನ ಕಾರು, ವೇಗದ ಬಗ್ಗೆ ತಕರಾರಿಲ್ಲ. ಆದರೆ ಎಸಿ ಮತ್ತು ಸದ್ದು ಹೆಚ್ಚುಕಮ್ಮಿ ಮಾಡಲು ಬೆರಳು ಜಾರಿಸುವ ಪಟ್ಟಿ ಕೊಟ್ಟರು, ಅದಕ್ಕೆ ರಾತ್ರಿ ಬೆಳಕಿಲ್ಲ. ಸ್ಟೀರಿಂಗ್ ಮೇಲಿನ ಬಟನ್‌ಗಳೂ ಟಚ್. 2024ರ ಪರಿಷ್ಕರಣೆಯಲ್ಲಿ ಕಂಪನಿಯೇ ಒತ್ತುವ ಬಟನ್ ವಾಪಸ್ ತಂದು, ಪಟ್ಟಿಗೆ ಬೆಳಕು ಕೊಟ್ಟಿತು. ಅದೇ ಹೊತ್ತಿಗೆ ಮ್ಯಾನ್ಯುಯಲ್ ಗೇರ್ ತೆಗೆದುಹಾಕಿತು.

ನಾನು ಕೊನೆಗೆ ಕೊಂಡದ್ದು ಆರನೆಯದು. ಕೊನೆಯ ಕಾಲದ್ದು, ಮ್ಯಾನ್ಯುಯಲ್, ಟೆನ್ಷನರ್ ಹೊಸ ಮಾದರಿಯದ್ದು. ನನ್ನ ಓಡಾಟ ಹೆಚ್ಚಾಗಿ ಗಂಟೆಗೆ ಎಂಬತ್ತರೊಳಗೆ, ತಿರುವುಗಳೂ ಜಾಸ್ತಿ. ಅಲ್ಲಿ 350 ಎನ್‌ಎಂ ನನಗೆ ದಂಡ. ದಿನಾ ಹೆದ್ದಾರಿಯಲ್ಲಿ ಉದ್ದುದ್ದ ಓಡಿಸುವವರು, ಮನೆಯಲ್ಲಿ ಇದೊಂದೇ ಕಾರು ಇರುವವರು ಏಳನೆಯದನ್ನೇ ತಗೊಳ್ಳಿ. ಡಿಕ್ಕಿ 350 ಲೀಟರ್‌ನಿಂದ 380ಕ್ಕೆ ಬೆಳೆದಿದೆ, ಹಿಂದಿನ ಸೀಟಿನಲ್ಲಿ ಕಾಲಿಗೂ ಜಾಗ ಜಾಸ್ತಿ. ಸಾಧ್ಯವಾದರೆ ಪರ್ಫಾರ್ಮೆನ್ಸ್ ಪ್ಯಾಕ್ ಇರುವುದನ್ನೇ ಹುಡುಕಿ, ಹತ್ತು ಪಿಎಸ್‌ಗಾಗಿ ಅಲ್ಲ, ಆ ಡಿಫರೆನ್ಷಿಯಲ್‌ಗಾಗಿ. ಅದಿಲ್ಲದ ಏಳನೆಯದು ಒದ್ದೆ ರಸ್ತೆಯಲ್ಲಿ ಎರಡನೇ ಗೇರಿನಲ್ಲಿ ಟೈರ್ ತಿರುಗಿಸಿಕೊಂಡು ನಿಲ್ಲುತ್ತದೆ. ಅದಿದ್ದರೆ ಅಗತ್ಯ ಬಿದ್ದಾಗ ಪೂರ್ತಿ ಟಾರ್ಕನ್ನು ಹಿಡಿತ ಇರುವ ಚಕ್ರಕ್ಕೇ ಕಳಿಸುತ್ತದೆ. ಪ್ಯಾಕ್ ಇದೆ ಅಂತ ಮಾರುವವರು ಹೇಳಿದರೆ ಹಿಂದಿನ ಚಕ್ರದ ಸಂದಿಯಿಂದ ಬ್ರೇಕ್ ಡಿಸ್ಕ್ ನೋಡಿ. ಪ್ಯಾಕ್ ಇರುವ ಕಾರಿನಲ್ಲಿ ಹಿಂದಿನ ಡಿಸ್ಕ್ ಕೂಡ ನಡುವೆ ಗಾಳಿ ಆಡುವ ಸಂದು ಇರುವ ಥರದ್ದು, ಗಟ್ಟಿ ತಟ್ಟೆಯಲ್ಲ.